ಒಪ್ಪಿಸದೆ ಬಂದ ಚಟ

ನಮ್ಮೂರಿನಲ್ಲಿ ಬೀಡಿ ಬಿಡುವುದು ಅಂದರೆ ಅದನ್ನು ಇನ್ನೊಬ್ಬರಿಗೆ ಕೊಡುವುದು. ಬಿಟ್ಟವರ ಚಟ ಗಾಳಿಯಲ್ಲಿ ಕರಗಿ ಹೋಗುವುದಿಲ್ಲ, ಎದ್ದು ಹೋಗಿ ಬೇರೆ ಯಾರ ಮೈಯಲ್ಲೋ ಕೂತುಕೊಳ್ಳುತ್ತದೆ. ಯಾರ ಮೈಯಲ್ಲಿ ಅಂತ ಮೊದಲೇ ಹೇಳುವುದಕ್ಕಾಗದು. ಮೇಷ್ಟರು ಬಿಟ್ಟ ನಶ್ಯ ಎದುರುಮನೆಯ ಬಾಣಂತಿಗೆ ಬಂದು, ಪಾಪ, ಆಕೆ ಕೂಸಿಗೆ ಹಾಲು ಕುಡಿಸುವಾಗೆಲ್ಲ ಸೀನುತ್ತಿದ್ದಳು. ಅದಕ್ಕೇ ನಮ್ಮಲ್ಲೊಂದು ನಡಾವಳಿ ಇದೆ. ಬಿಟ್ಟವರು ಅದು ಯಾರಿಗೆ ಹೋಗಿದೆ ಅಂತ ವಿಚಾರಿಸಿಕೊಂಡು, ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಇಟ್ಟುಕೊಂಡು ಅವರ ಮನೆಗೆ ಹೋಗಿ ಚಟವನ್ನು ಒಪ್ಪಿಸಿ ಬರಬೇಕು. ಹಸು ಮಾರಿದವರು ಅದರ ಗುಣ ಹೇಳಿ ಹಗ್ಗ ಕೈಗೆ ಕೊಡುತ್ತಾರಲ್ಲ, ಹಾಗೆ. "ಬೆಳಿಗ್ಗೆ ಹೊತ್ತು ಜಾಸ್ತಿ ಕಾಡುತ್ತೆ ಕಣಮ್ಮ, ಒಂದು ಲೋಟ ನೀರು ಕುಡುದ್ರೆ ಸುಮ್ಕಾಯ್ತದೆ. ಮಳೆ ಬಂದಾಗ ಮಾತ್ರ ಅದ್ರ ಮಾತು ಕೇಳ್ಬುಡು." ಹೀಗೆ ಒಪ್ಪಿಸಿಕೊಂಡ ಚಟವನ್ನು ಸಾಕುವುದು ಕಷ್ಟವಲ್ಲ. ಒಪ್ಪಿಸದೆ ಬಂದದ್ದು ಮಾತ್ರ ಸಂತೆಯಲ್ಲಿ ತಪ್ಪಿಸಿಕೊಂಡ ಎಮ್ಮೆಯ ಹಾಗೆ, ಎತ್ತ ಎಳೆಯುತ್ತದೋ ಗೊತ್ತೇ ಆಗುವುದಿಲ್ಲ.

ನನಗೆ ಬಂದದ್ದು ಹಾಗೆ ಬಂತು. ಅದನ್ನು ಹೇಳುವುದಕ್ಕೆ ಮೊದಲು ಕಾರ್ಖಾನೆಯ ವಿಷಯ ಹೇಳಬೇಕು. ನಮ್ಮೂರಿಗೆ ಅನ್ನ ಹಾಕುವುದು ಹೊಗೆಸೊಪ್ಪಿನ ಕಾರ್ಖಾನೆ. ಹಾಗಂತ ಅಲ್ಲಿ ಬೀಡಿ ಕಟ್ಟುವುದಿಲ್ಲ, ಸಿಗರೇಟೂ ಮಾಡುವುದಿಲ್ಲ. ಬೇರೆ ಊರಿನವರು ಒಳ್ಳೆಯ ಎಲೆ ಇಟ್ಟುಕೊಂಡು ಬಿಸಾಡಿದ ದಂಟು, ಧೂಳು, ಪುಡಿ ಮೂಟೆ ಮೂಟೆಯಾಗಿ ಬರುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಸೀಮೆಎಣ್ಣೆಯಲ್ಲಿ ಸಾರ ಇಳಿಸಿ, ಆಸಿಡ್ಡು ಹಾಕಿದರೆ ಕಂದು ಬಣ್ಣದ ದ್ರಾವಣ ಬರುತ್ತದೆ. ಅದೇ ನಿಕೋಟಿನ್ ಸಲ್ಫೇಟು. ಒಂದನೇ ಶೆಡ್ಡಿನಿಂದ ಅದು ತಲೆಬುರುಡೆ ಗುರುತಿನ ಡ್ರಮ್ಮುಗಳಲ್ಲಿ ಘಟ್ಟ ಹತ್ತಿ ಚಹಾ ತೋಟಕ್ಕೂ ಹೂವಿನ ತೋಟಕ್ಕೂ ಹೋಗುತ್ತದೆ, ಗಿಡದ ಹೇನು ಕೊಲ್ಲುವುದಕ್ಕೆ. ಎರಡನೇ ಶೆಡ್ಡಿನಲ್ಲಿ ಸಾರವನ್ನು ಬಟ್ಟಿ ಇಳಿಸಿ ನೀರಿನಂಥ ಎಣ್ಣೆ ತೆಗೆಯುತ್ತಾರೆ. ತೋಳಿಗೆ ಅಂಟಿಸಿಕೊಳ್ಳುವ ಪಟ್ಟಿಗೆ ಅದು ಬೇಕು. ಮುಚ್ಚಳ ಹಾಕುವುದು ಮರೆತರೆ ಗಾಳಿ ತಾಗಿ ಟೀ ಬಣ್ಣಕ್ಕೆ ತಿರುಗಿಬಿಡುತ್ತದೆ. ಮೂರನೇ ಶೆಡ್ಡಿನಲ್ಲಿ ಆ ಎಣ್ಣೆಗೆ ಹುಣಸೆಹಣ್ಣಿನಲ್ಲಿರುವಂಥದೇ ಒಂದು ಹುಳಿ ಸೇರಿಸಿ ಬಿಳಿ ಹರಳು ಮಾಡುತ್ತಾರೆ, ಚೀಪುವ ಮಾತ್ರೆಗೆ. ನಾಲ್ಕನೆಯದು ನಮ್ಮ ಶೆಡ್ಡು. ಎಣ್ಣೆಯನ್ನು ರಾಳದ ಪುಡಿಗೆ ಹಿಡಿಸಿ, ಪುದೀನ ಬೆರೆಸಿ, ಜಗಿಯುವ ಗಮ್ ಮಾಡುವುದು ಇಲ್ಲಿ. ಬೀಡಿ ಸಿಗರೇಟು ಬಿಡಬೇಕೆನ್ನುವ ಹೊರಗಿನ ಜನ ಈ ಪಟ್ಟಿ, ಮಾತ್ರೆ, ಗಮ್ ಎಲ್ಲ ಕೊಂಡುಕೊಳ್ಳುತ್ತಾರೆ. ಅವರಲ್ಲಿ ಬಿಟ್ಟದ್ದು ಬಿಟ್ಟ ಹಾಗೆಯೇ ಅಂತೆ, ಎಲ್ಲಿಗೂ ಹೋಗುವುದಿಲ್ಲವಂತೆ. ನಮಗೇನೋ ನಂಬಿಕೆ ಇಲ್ಲ.

"ಅಲ್ಲ ಸಾರ್, ಆ ಶೆಡ್ಡಿನಲ್ಲಿ ಹುಳ ಕೊಲ್ಲುತ್ತೆ, ಈ ಶೆಡ್ಡಿನಲ್ಲಿ ಚಟ ಬಿಡಿಸುತ್ತೆ. ಇದು ವಿಷವೋ ಮದ್ದೋ?" ಅಂತ ಒಂದು ಸಲ ನಮ್ಮ ಸೂಪರ್‌ವೈಸರ್ ಪದ್ಮರಾಜಯ್ಯನವರನ್ನು ಕೇಳಿದ್ದೆ. ಅವರು ಕನ್ನಡಕ ಒರೆಸುತ್ತಾ, "ಅದು ಯಾವ ಬಾಗಿಲಿಂದ ಆಚೆಗೆ ಹೋಗುತ್ತೆ ಅನ್ನೋದರ ಮೇಲೆ ದೇವೀರಮ್ಮ" ಅಂದಿದ್ದರು.

ನನ್ನ ಕೆಲಸ ರುಚಿ ನೋಡುವುದು. ಗಮ್ಮಿನಲ್ಲಿ ಮದ್ದಿನ ಕಾರ ಇರುತ್ತದೆ, ಮೆಣಸು ಕಡಿದ ಹಾಗೆ ಗಂಟಲಿಗೆ ಹೊಡೆಯುತ್ತದೆ. ಪುದೀನ ಅದನ್ನು ಎಷ್ಟು ಮುಚ್ಚಿದೆ ಅಂತ ನಾಲಿಗೆಯ ತುದಿಗೆ ತಾಗಿಸಿ, ಉಗಿದು, ಹೇಳಬೇಕು. ಚಟ ಇದ್ದವರ ನಾಲಿಗೆ ಇದಕ್ಕೆ ಆಗಿಬರುವುದಿಲ್ಲ, ಅವರಿಗೆ ಕಾರ ಕಾರವೆನಿಸುವುದೇ ಇಲ್ಲ. ನಾನು ಹುಟ್ಟಿದಾಗಿನಿಂದ ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕಿಕೊಂಡವಳಲ್ಲ. ನನ್ನ ಗಂಡ ಬೆಟ್ಟಯ್ಯ ಅದೇ ಕಾರ್ಖಾನೆಯ ಲಾರಿ ಡ್ರೈವರು, ಬೀಡಿ ಸೇದುವ ಮನುಷ್ಯ. ಆದರೆ ನನ್ನ ನಾಲಿಗೆ ಕೆಡಬಾರದು ಅಂತ ಮನೆಯಲ್ಲಿ ಒಂದು ದಿನವೂ ಹಚ್ಚಿದವನಲ್ಲ. ಅವನು ಸೇದುವುದೆಲ್ಲ ರಸ್ತೆಯ ಮೇಲೆ. ಇಷ್ಟು ವರ್ಷ ಸಂಸಾರ ಮಾಡಿಯೂ ಅವನು ಬೀಡಿ ಹೇಗೆ ಹಿಡಿಯುತ್ತಾನೆ ಅಂತ ನಾನು ಕಂಡದ್ದಿಲ್ಲ.

ಆ ದಿನ ಬೆಳಿಗ್ಗೆ ಗಮ್ ನಾಲಿಗೆಗೆ ತಾಗಿಸಿದೆ. ಪದ್ಮರಾಜಯ್ಯನವರು ಪಕ್ಕದಲ್ಲೇ ನಿಂತಿದ್ದರು.

"ಏನು ದೇವೀರಮ್ಮ, ಇವತ್ತು ಮುಖ ಹಿಂಡಲೇ ಇಲ್ಲ?"

ಹೌದು, ಹಿಂಡಲಿಲ್ಲ. ಕಾರ ಬಂದದ್ದು ಗೊತ್ತಾಯಿತು, ಬಂದದ್ದು ಹಿತವಾಗಿತ್ತು. ಉಗಿಯುವುದು ಬಿಟ್ಟು ನುಂಗಿದೆ. ಆಮೇಲೆ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಎದ್ದು ಕಿವಿಯ ಹಿಂದೆ ಏನನ್ನೋ ತಡಕಿತು.

ಅವರು ಕನ್ನಡಕ ತೆಗೆದು ನೋಡಿದರು. "ಬಂತಾ?"

"ಬಂದ ಹಾಗಿದೆ ಸಾರ್."

"ಯಾರದು?"

ನನಗೆ ಹೇಗೆ ಗೊತ್ತಿರಬೇಕು? ಮನೆಗೆ ಬಂದು ಬಾಗಿಲು ತೆರೆದಿಟ್ಟುಕೊಂಡು ಕೂತೆ. ಒಪ್ಪಿಸುವುದಕ್ಕೆ ಬರುವವರು ಬಂದೇ ಬರುತ್ತಾರೆ ಅಂತ ಪಾನಕವನ್ನೂ ಮಾಡಿಟ್ಟೆ. ಪಾನಕ ಹುಳಿಯಾಯಿತು, ಯಾರೂ ಬರಲಿಲ್ಲ. ಆ ಚಟ ಮಾತ್ರ ಮನೆಗೆ ಬಂದ ನೆಂಟನ ಹಾಗೆ ಒಂದೊಂದೇ ಕೇಳತೊಡಗಿತು. ಮೊದಲು ಒಂದು ಚೂರು ಬೆಲ್ಲ ಬೇಕು. ಬೆಲ್ಲ ಕರಗಿದ ಮೇಲೆ ಬೀಡಿ ಬೇಕು, ಅದೂ ಉಂಗುರದ ಬೆರಳಿಗೂ ಕಿರುಬೆರಳಿಗೂ ನಡುವೆ ಸಿಕ್ಕಿಸಿ, ಮುಷ್ಟಿ ಕಟ್ಟಿ ಎಳೆಯಬೇಕು. ಎಳೆಯುವಾಗ ಕಾಲು ನೀರಿನಲ್ಲಿರಬೇಕು. ಬೀಡಿ ಇಲ್ಲದಿದ್ದರೆ ನೀರಿನಲ್ಲಿ ಕಾಲಾದರೂ ಇರಬೇಕು. ನಾನು ಬಚ್ಚಲಲ್ಲಿ ಬಕೆಟ್ಟಿಗೆ ಕಾಲು ಇಟ್ಟುಕೊಂಡು ಬೆಲ್ಲ ಚೀಪುತ್ತಾ ಕೂತಿದ್ದಾಗ ಪಕ್ಕದ ಮನೆಯ ಜುಬೇದಾ ಬಂದಳು. ಅವಳೂ ನಮ್ಮ ಶೆಡ್ಡಿನವಳೇ, ಗಮ್ಮಿಗೆ ಕಾಗದ ಸುತ್ತುವ ಕೆಲಸ.

"ಯಾ ಅಲ್ಲಾ! ದೇವೀರಕ್ಕ, ಏನಿದು ಅವತಾರ?"

"ನಂದಲ್ಲ ಕಣೇ ಇದು. ಯಾರ್ದೋ ಅವತಾರ."

ಅವಳು ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ನಕ್ಕಳು. ನಕ್ಕು ಸುಸ್ತಾದ ಮೇಲೆ ಮುಖ ಸಣ್ಣಗೆ ಮಾಡಿಕೊಂಡು ಕೇಳಿದಳು, "ಅಕ್ಕ, ಬೆಟ್ಟಯ್ಯಣ್ಣ ಬೀಡಿ ಎಂಗೆ ಹಿಡೀತಾರೆ?"

ನಾನು ಆ ಯೋಚನೆಯನ್ನು ಅಷ್ಟು ಹೊತ್ತು ದೂರ ಇಟ್ಟಿದ್ದೆ. ಬೆಟ್ಟಯ್ಯ ಸಲ್ಫೇಟಿನ ಡ್ರಮ್ಮು ಹೇರಿಕೊಂಡು ಘಟ್ಟ ಹತ್ತಿದವನು ಬರುವ ಕಾಲಕ್ಕೆ ಬಂದಿರಲಿಲ್ಲ. ಘಟ್ಟದಾಚೆಗೆ ನಮ್ಮೂರಿನ ಫೋನು ಮುಟ್ಟುವುದಿಲ್ಲ. ಆಫೀಸಿನವರು ಲೋಡು ತಲುಪಿದ ಸುದ್ದಿ ಇನ್ನೂ ಬಂದಿಲ್ಲ ಅಂತ ಅಷ್ಟೇ ಹೇಳುತ್ತಿದ್ದರು. ಉಪ್ಪಿನ ಲಾರಿಯ ಡ್ರೈವರೊಬ್ಬ ಮಾತ್ರ ಘಟ್ಟದ ತಿರುವಿನಲ್ಲಿ ರಸ್ತೆ ಕಂದು ಬಣ್ಣಕ್ಕೆ ತಿರುಗಿದ್ದನ್ನೂ, ಪಕ್ಕದ ಹುತ್ತದ ಮುಂದೆ ಇರುವೆಗಳು ರಾಶಿಯಾಗಿ ಸತ್ತು ಬಿದ್ದದ್ದನ್ನೂ ಕಂಡನಂತೆ. ಡ್ರಮ್ಮು ಒಡೆದು ಆ ದ್ರಾವಣ ಮೈಮೇಲೆ ಬಿದ್ದರೆ ಅದು ಚರ್ಮದಿಂದಲೇ ಒಳಗೆ ಇಳಿಯುತ್ತದೆ. ವಾಂತಿ, ತಲೆ ತಿರುಗುವುದು, ಆಮೇಲೆ ಉಸಿರು. ಒಂದನೇ ಶೆಡ್ಡಿನವರೆಲ್ಲ ಕೈಗೆ ರಬ್ಬರು ಹಾಕಿಕೊಳ್ಳುವುದು ಅದಕ್ಕೇ.

ಇನ್ನೊಂದು ಮಾತೂ ಇತ್ತು. ಬೆಟ್ಟಯ್ಯ ಹೊರಡುವಾಗ ನಾನೇ ಅವನ ಬುತ್ತಿಯ ಚೀಲಕ್ಕೆ ಗಮ್ಮಿನ ಪೊಟ್ಟಣ ಹಾಕಿದ್ದೆ. ಊರಿನಿಂದ ದೂರ ಹೋಗಿ ಬಿಟ್ಟರೆ ಊರಿನ ಯಾರಿಗೂ ಬರಲಿಕ್ಕಿಲ್ಲ ಅಂತ ನನ್ನ ಲೆಕ್ಕಾಚಾರ. ಅವನು ನಕ್ಕು ಲಾರಿ ಹತ್ತಿದ್ದ.

ಹಾಗಾಗಿ ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಇದು ಬೆಟ್ಟಯ್ಯನ ಚಟವೇ ಆದರೆ, ನಾಲ್ಕನೇ ಶೆಡ್ಡಿನ ಮದ್ದು ಬಿಡಿಸಿದ್ದೋ, ಒಂದನೇ ಶೆಡ್ಡಿನ ವಿಷ ಬಿಡಿಸಿದ್ದೋ? ಬೀಡಿ ಬಿಟ್ಟನೋ, ಉಸಿರು ಬಿಟ್ಟನೋ? ಸತ್ತವರ ಚಟ ಎಲ್ಲಿಗೆ ಹೋಗುತ್ತದೆ ಅಂತ ಊರೆಲ್ಲ ಕೇಳಿಕೊಂಡು ಬಂದೆ. ಒಬ್ಬೊಬ್ಬರದು ಒಂದೊಂದು ಮಾತು. ಜುಬೇದಾ, "ನಮ್ಮ ಮಾವ ಹೋದಾಗ ಯಾರಿಗೂ ಏನೂ ಬರ್ಲಿಲ್ಲ, ಅವ್ರ ಜೊತೆಗೇ ಮಣ್ಣಾಯ್ತು" ಅಂದಳು. ಹಾಲಿನ ಮನೆಯವರು ತಮ್ಮ ಅಜ್ಜನ ಕಡ್ಡಿಪುಡಿ ಅವರ ಎಮ್ಮೆಗೆ ಬಂದು ಹಾಲು ಕಹಿಯಾಯಿತು ಅಂತ ಆಣೆ ಮಾಡಿ ಹೇಳಿದರು. ಒಬ್ಬ ಮುದುಕ ಇದ್ದುಕೊಂಡು, "ಸತ್ತೋರ್ದು ಬಂದ್ರೆ ತಣ್ಣಗಿರ್ತದೆ, ಬದುಕಿರೋರ್ದು ಬಂದ್ರೆ ಬಿಸಿ ಇರ್ತದೆ. ನಿಂದು ಎಂಗದೆ?" ಅಂದ. ನನ್ನದು ಯಾವಾಗಲೂ ನೀರಿನಲ್ಲಿ ಕಾಲಿಟ್ಟುಕೊಂಡೇ ಇರುತ್ತಿತ್ತಲ್ಲ, ತಣ್ಣಗೋ ಬಿಸಿಯೋ ಅಂತ ಹೇಗೆ ಹೇಳಲಿ?

ಹೀಗಿರುವಾಗ ಪದ್ಮರಾಜಯ್ಯನವರು ಒಂದು ಸಂಜೆ ಬೆಳ್ಳಿ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಜರಿಯ ಪಂಚೆ ಉಟ್ಟುಕೊಂಡು, ಹೆಂಡತಿಯ ಸಮೇತ ಬಂದೇಬಿಟ್ಟರು.

"ದೇವೀರಮ್ಮ, ತಡವಾಯ್ತು, ಕ್ಷಮಿಸಬೇಕು. ತೋಳಿಗೆ ಪಟ್ಟಿ ಹಾಕ್ಕೊಂಡು ಸಿಗರೇಟು ಬಿಟ್ಟೆ. ಎಲ್ಲಿ ಹೋಯಿತೋ ಅಂತ ಹುಡುಕ್ತಾ ಇದ್ದೆ. ನಿಮಗೆ ಬಂದಿರೋದು ನಂದೇ ಇರಬೇಕು. ಬಿಟ್ಟದ್ದೂ ಬಂದದ್ದೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ."

ನನಗೆ ಎಷ್ಟು ಸಂತೋಷವಾಯಿತು ಅಂದರೆ ಅವರ ಕಾಲಿಗೆ ಬೀಳುವುದೊಂದು ಬಾಕಿ. ಇದು ಅವರದಾದರೆ ಬೆಟ್ಟಯ್ಯ ಎಲ್ಲೋ ಕೂತು ನೆಮ್ಮದಿಯಾಗಿ ಬೀಡಿ ಸೇದುತ್ತಿದ್ದಾನೆ ಅಂತ ಅರ್ಥ.

"ನಂದು ಫಿಲ್ಟರ್ ಸಿಗರೇಟು. ಬೆಳಿಗ್ಗೆ ಕಕ್ಕಸ್ಸಿನಲ್ಲಿ, ಪೇಪರ್ ಓದ್ತಾ. ಬೇರೆ ಹೊತ್ತಿನಲ್ಲಿ ತಂಟೆ ಮಾಡಲ್ಲ, ಒಳ್ಳೇ ಸ್ವಭಾವ."

"ಮೊದಲು ಬೆಲ್ಲ ತಿಂತಿದ್ರಾ ಸಾರ್?"

"ಬೆಲ್ಲವಾ? ನನಗೆ ಸಕ್ಕರೆ ಕಾಯಿಲೆ."

"ಕಾಲು ನೀರಲ್ಲಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಾನು ಆ ತಟ್ಟೆಯನ್ನು ಕೈಬಿಡುವ ಹಾಗಿರಲಿಲ್ಲ. "ಇರಬಹುದು ಸಾರ್, ಮನೆ ಬದಲಾದ ಮೇಲೆ ಗುಣವೂ ಬದಲಾಗುತ್ತಲ್ಲ" ಅಂದೆ. ಅವರೂ, "ಹೌದು ಹೌದು, ಯಾಕಾಗಬಾರದು" ಅಂದರು. ಅವರಿಗೂ ಒಪ್ಪಿಸಿ ಕೈ ತೊಳೆದುಕೊಂಡರೆ ಸಾಕಿತ್ತು. ಇಬ್ಬರೂ ಸುಳ್ಳನ್ನು ಬಲು ಗೌರವದಿಂದ ತಟ್ಟೆಯಲ್ಲಿಟ್ಟು ಕೊಟ್ಟು ತೆಗೆದುಕೊಂಡೆವು. ನಾನು ಜುಬೇದಾಳ ಮನೆಯಿಂದ ಹಳೆಯ ಪೇಪರು ತರಿಸಿ ಓದಲೂ ನೋಡಿದೆ. ನನ್ನೊಳಗಿದ್ದವನಿಗೆ ಪೇಪರು ಬೇಕಾಗಿರಲಿಲ್ಲ, ಬೆಲ್ಲವೇ ಬೇಕಾಗಿತ್ತು.

ಆ ನೆಮ್ಮದಿ ಬಹಳ ದಿನ ಬಾಳಲಿಲ್ಲ. ಪದ್ಮರಾಜಯ್ಯನವರು ಮತ್ತೆ ಬಂದರು, ಈ ಸಲ ಒಬ್ಬರೇ, ಜರಿಯ ಪಂಚೆ ಇಲ್ಲದೆ.

"ದೇವೀರಮ್ಮ, ಆ ತಟ್ಟೆ ಸ್ವಲ್ಪ ವಾಪಸ್ ಕೊಡ್ತೀರಾ?"

"ಯಾಕೆ ಸಾರ್?"

"ನಮ್ಮತ್ತೆಗೆ ಬಂದಿದೆ." ಅವರು ಬೀದಿಯ ಆಚೀಚೆ ನೋಡಿ ದನಿ ತಗ್ಗಿಸಿದರು. "ಬೆಳಿಗ್ಗೆ ಪೇಪರ್ ಕಾಣ್ತಿರಲಿಲ್ಲ. ಹುಡುಕಿಕೊಂಡು ಹೋದರೆ, ಕಕ್ಕಸ್ಸಿನ ಬಾಗಿಲ ಸಂದಿಯಿಂದ ಹೊಗೆ. ಎಪ್ಪತ್ತು ದಾಟಿದ ಹೆಂಗಸು! ಈಗ ಅವರಿಗೆ ನಾನು ಶಾಸ್ತ್ರೋಕ್ತವಾಗಿ ಒಪ್ಪಿಸಬೇಕು."

ತಟ್ಟೆ ಕೊಟ್ಟು ಕಳಿಸಿದೆ. ಅವರ ಅತ್ತೆಯನ್ನು ನೆನೆದು ನಗು ಬಂತು, ನಗುನಗುತ್ತಲೇ ಅಳು ಬಂತು. ಇನ್ನು ಈ ಊರಿನಲ್ಲಿ ಬೀಡಿ ಬಿಟ್ಟ ಬೇರೆ ಯಾರೂ ಉಳಿದಿರಲಿಲ್ಲ. ಅವತ್ತಿನಿಂದ ನಾನು ಆ ಚಟದ ಜೊತೆ ಗಂಡನ ಜೊತೆ ಮಾತಾಡಿದ ಹಾಗೆ ಮಾತಾಡತೊಡಗಿದೆ. "ಬೆಲ್ಲ ಅಂದರೆ ಇಷ್ಟ ಅಂತ ನನಗೊಂದು ದಿನ ಹೇಳಲಿಲ್ಲವಲ್ಲ" ಅಂತ ಜಗಳವಾಡಿದೆ. ನೀರು ಕಂಡರೆ ಆಸೆ ಪಡುವ ಮನುಷ್ಯನನ್ನು ಒಂದು ಸಲವೂ ಕೆರೆಯ ಕಡೆ ಕರೆದುಕೊಂಡು ಹೋಗಲಿಲ್ಲವಲ್ಲ ಅಂತ ಮರುಗಿದೆ. ನಾಲ್ಕನೇ ಶೆಡ್ಡಿನಿಂದ ನನ್ನನ್ನು ದಂಟು ಆರಿಸುವ ಅಂಗಳಕ್ಕೆ ಹಾಕಿದರು. ಹಾಕಿಕೊಳ್ಳಲಿ, ನನಗದು ಯಾವ ಲೆಕ್ಕ. ಗಮ್ ಜಗಿದು ಚಟವನ್ನು ಬಿಟ್ಟುಬಿಡು, ಬೆಟ್ಟಯ್ಯ ಇದ್ದರೆ ಅವನ ಹತ್ತಿರಕ್ಕೇ ಹೋದರೂ ಹೋದೀತು ಅಂತ ಜುಬೇದಾ ಹೇಳಿದಳು. ಗಮ್ ಬಾಯಿಯವರೆಗೂ ತಂದೆ. ಅವನು ಇಲ್ಲದಿದ್ದರೆ? ಉಳಿದಿರುವುದು ಇದೊಂದೇ ಆಗಿದ್ದು, ಇದೂ ಯಾರದೋ ಮನೆ ಸೇರಿದರೆ? ಪೊಟ್ಟಣಕ್ಕೇ ವಾಪಸು ಹಾಕಿದೆ.

ಒಂದು ಮಧ್ಯಾಹ್ನ ಹಿತ್ತಲ ಕಲ್ಲಿನ ಮೇಲೆ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದೆ. ಮುಂಬಾಗಿಲು ಸದ್ದಾಯಿತು. ಬೆಟ್ಟಯ್ಯ ಬಂದು ಎದುರಿಗೆ ನಿಂತ. ಸೊರಗಿ ಕಡ್ಡಿಯಾಗಿದ್ದ, ಗಡ್ಡ ಬೆಳೆದಿತ್ತು, ಕೈಯ ಚರ್ಮ ಸುಲಿದಿತ್ತು. ನಿಂತವನು ಜೇಬಿನಿಂದ ಬೀಡಿ ತೆಗೆದು, ತೋರುಬೆರಳು ನಡುಬೆರಳಿನ ನಡುವೆ ಎಲ್ಲರ ಹಾಗೆ ಹಿಡಿದು, ಮನೆಯಲ್ಲಿ ಹಚ್ಚಬಾರದು ಅನ್ನುವುದನ್ನೂ ಮರೆತು ಹಚ್ಚಿದ.

ಬದುಕಿದ್ದಾನೆ ಅಂತ ಎದೆಗೆ ಇಳಿಯುವುದಕ್ಕೆ ಮೊದಲೇ ನನ್ನ ಬಾಯಿಂದ ಬಂದ ಮಾತು ನೋಡಿ. "ಅಯ್ಯೋ, ನೀನಿನ್ನೂ ಸೇದ್ತಿದ್ದೀಯ?"

"ಇಷ್ಟು ದಿನ ಆದ್ಮೇಲೆ ಬಂದಿವ್ನಿ, ಇದನ್ನ ಕೇಳ್ತೀಯಲ್ಲ ನೀನು" ಅಂದ. ಆಮೇಲೆ ನಾನು ಅವನನ್ನು ಹಿಡಿದುಕೊಂಡು ಅತ್ತದ್ದು, ಅವನು ಅತ್ತದ್ದು ಬೇರೆ. ಅತ್ತು ಮುಗಿದ ಮೇಲೆ ಮತ್ತೆ ಗೊಂದಲ. ಹಾಗಾದರೆ ನಾನು ಬೆಲ್ಲ ತಿನ್ನಿಸಿ, ಜಗಳವಾಡಿ, ಮರುಗಿ, ಇಷ್ಟು ದಿನ ಸಾಕಿದವನು ಯಾರು? ನಾನು ಅವನ ಕೈಯ ಬೀಡಿ ಕಿತ್ತುಕೊಂಡು ಉಂಗುರದ ಬೆರಳಿಗೂ ಕಿರುಬೆರಳಿಗೂ ನಡುವೆ ಸಿಕ್ಕಿಸಿ, ಮುಷ್ಟಿ ಕಟ್ಟಿ ತೋರಿಸಿದೆ. "ಹಿಂಗೆ ಹಿಡಿಯೋರು ಯಾರು ಹೇಳು, ನನಗೆ ಬಂದಿದೆ ಇದು."

ಬೆಟ್ಟಯ್ಯ ಹಿತ್ತಲ ಗೋಡೆಗೆ ಒರಗಿ ಕುಸಿದು ಕೂತ. "ಗುರುಮಲ್ಲ" ಅಂದ.

ಗುರುಮಲ್ಲ ಲಾರಿಯ ಎರಡನೇ ಡ್ರೈವರು. ಕೆರೆಯಾಚೆಯ ಹಟ್ಟಿಯವನು, ನಾನು ನೋಡಿದವಳಲ್ಲ. ಘಟ್ಟದ ಕೆಳಗೆ ಹಳ್ಳದ ಹತ್ತಿರ ಲಾರಿ ನಿಲ್ಲಿಸಿದ್ದಾಗ ಬೆಟ್ಟಯ್ಯ ನನ್ನ ಗಮ್ಮಿನ ಪೊಟ್ಟಣವನ್ನು ತಮಾಷೆಗೆ ಅವನಿಗೆ ಕೊಟ್ಟನಂತೆ. ಅವನು ಜಗಿದು, "ಸೈ, ಇವತ್ತಿಗೆ ಬುಟ್ಟೆ" ಅಂತ ಬೀಡಿ ಕಟ್ಟನ್ನು ಹಳ್ಳಕ್ಕೆ ಎಸೆದನಂತೆ. ಮೇಲಿನ ತಿರುವಿನಲ್ಲಿ ಡ್ರಮ್ಮು ಸಡಿಲವಾಗಿ ಸೋರತೊಡಗಿತು. ರಸ್ತೆಯ ಮೇಲೆ ಬಿಟ್ಟರೆ ನೀರಿಗೆ ಹೋಗುತ್ತದೆ, ದನಕರು ಕುಡಿಯುತ್ತವೆ ಅಂತ ಗುರುಮಲ್ಲ ಮೇಲೆ ಹತ್ತಿ ಅದನ್ನು ಅಪ್ಪಿಕೊಂಡು ನಿಲ್ಲಿಸಲು ಹೋದ. ಅಂಗಿಯೆಲ್ಲ ನೆನೆಯಿತು. ಅವನನ್ನು ಎಳೆದು ಇಳಿಸಿದ ಬೆಟ್ಟಯ್ಯನ ಕೈಯೂ ಸುಲಿಯಿತು, ಪ್ರಜ್ಞೆ ಹೋಯಿತು. ತೋಟದವರ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಗುರುಮಲ್ಲ ಬದುಕಿರಲಿಲ್ಲ. ಎದ್ದು ಓಡಾಡುವ ಹಾಗಾಗುವವರೆಗೆ ಬೆಟ್ಟಯ್ಯನನ್ನು ಅವರು ಬಿಡಲಿಲ್ಲ. ಊರಿಗೆ ಬಂದವನು ಮೊದಲು ಹಟ್ಟಿಗೆ ಹೋಗಿ ಅವನ ತಾಯಿಗೆ ಹೇಳಿ, ಆಮೇಲೆ ಮನೆಗೆ ಬಂದಿದ್ದ.

"ಹಂಗಾರೆ ನನಗೆ ಬಂದದ್ದು ಅವನು ಬಿಟ್ಟಾಗ್ಲೋ, ಹೋದಾಗ್ಲೋ?"

"ಯಾವುದು ಮೊದ್ಲು ಯಾವುದು ಆಮೇಲೆ, ನಂಗೂ ತಿಳೀದು ಕಣಮ್ಮಿ. ನಂಗೆ ಗೊತ್ತಿರದು ಎಳ್ದು ಇಳ್ಸುವಾಗ ಅವ್ನ ಬಾಯಲ್ಲಿ ಇನ್ನೂ ಪುದೀನದ ವಾಸ್ನೆ ಇತ್ತು ಅನ್ನೋದು."

ಒಪ್ಪಿಸಬೇಕಾದವನು ಬರುವ ಹಾಗಿಲ್ಲ. ಒಪ್ಪಿಸಿಕೊಳ್ಳಬೇಕಾದವಳೇ ತಟ್ಟೆ ಹಿಡಿದು ಹೋದದ್ದು ನಮ್ಮೂರಿನಲ್ಲಿ ಯಾರೂ ಕೇಳಿದ್ದಿಲ್ಲ. ಸರಿಯೋ ತಪ್ಪೋ ಅಂತ ತಿಳಿಯದೆಯೇ ನಾನು ಎಲೆ ಅಡಿಕೆ ಇಟ್ಟುಕೊಂಡು ಕೆರೆಯಾಚೆಗೆ ಹೋದೆ. ಗುರುಮಲ್ಲನ ತಾಯಿ ನಿಂಗಾಜಮ್ಮ ಕಾಲುವೆಯ ಮೆಟ್ಟಿಲ ಮೇಲೆ ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದಳು. ವಯಸ್ಸಾದ ಹೆಂಗಸು, ಮಗನ ಸುದ್ದಿ ಕೇಳಿದ ಮೇಲೂ ಕೈ ನಿಲ್ಲಿಸದವಳು. ನಾನು ಅಂಜುತ್ತಾ ವಿಷಯ ಹೇಳಿದೆ. ಅವಳು ತಟ್ಟೆಯನ್ನೇ ನೋಡುತ್ತಾ ಕೈಯಲ್ಲಿದ್ದ ಪಾತ್ರೆಯನ್ನು ಇನ್ನೊಮ್ಮೆ ಉಜ್ಜಿದಳು.

"ಏನೇನು ಕೇಳ್ತದೆ ನಿನ್ನ?" ಅಂದಳು.

"ಮೊದ್ಲು ಬೆಲ್ಲ ಕೇಳ್ತದೆ ಕಣವ್ವ."

"ಬೆಲ್ಲ ತಿಂದ್ರೆ ನಂಗೆ ವಾಸ್ನೆ ಬರಕ್ಕಿಲ್ಲ ಅಂತ ಯಾರೋ ಹೇಳ್ಕೊಟ್ಟಿದ್ರು ಅವ್ನಿಗೆ. ಹೆತ್ತೋಳಿಗೆ ತಿಳಿಯಕ್ಕಿಲ್ವ? ಆಮೇಲೆ?"

"ಈ ಎರಡು ಬೆರಳಲ್ಲಿ ಹಿಡಿಯೋದು."

"ಚಿಕ್ಕೋನಾಗಿದ್ದಾಗ ಮೇವು ಕತ್ತರ್ಸೋ ಮಿಷಿನ್‌ಗೆ ಕೈ ಕೊಟ್ಟು ಎರಡು ಬೆರಳು ಹೋದ್ವು. ಉಳ್ದಿರೋದ್ರಲ್ಲಿ ಹಿಡೀತಿದ್ದ. ನೀರು ಕೇಳ್ತದಾ?"

"ಕೇಳ್ತದೆ."

"ಇಂಜಿನ್ ಬಿಸಿಗೆ ಕಾಲು ಉರೀತವೆ ಅಂತ ಬಂದ ತಕ್ಷಣ ಇಲ್ಲಿ, ಈ ಮೆಟ್ಲ ಮೇಲೆ ಕೂರ್ತಿದ್ದ." ಅವಳು ಪಾತ್ರೆ ಬದಿಗೆ ಸರಿಸಿ ಜಾಗ ಮಾಡಿದಳು. "ಕೂತ್ಕೊ."

ಕೂತೆ. ಕಾಲುವೆಯ ನೀರಿಗೆ ಕಾಲು ಇಳಿಬಿಟ್ಟೆ. ಬಕೆಟ್ಟಿನಲ್ಲಿ ಇಷ್ಟು ದಿನ ಅದು ಹುಡುಕುತ್ತಿದ್ದದ್ದು ಈ ನೀರನ್ನೇ ಅಂತ ಮೈಯೆಲ್ಲ ಹೇಳಿತು. ನಿಂಗಾಜಮ್ಮ ಒಳಗೆ ಹೋಗಿ ಒಂದು ಚೂರು ಬೆಲ್ಲ ತಂದುಕೊಟ್ಟಳು, ಗೂಡಿನಿಂದ ಒಂದು ಬೀಡಿ, ಬೆಂಕಿಪೊಟ್ಟಣ ತಂದಳು. "ಹಚ್ಚು, ನೋಡಾನ" ಅಂದಳು. ನಾನು ಅದುವರೆಗೆ ಗಮ್ಮನ್ನು ನುಂಗಿದ್ದೆ, ಬೆಲ್ಲ ತಿಂದಿದ್ದೆ, ಕೈಯಲ್ಲಿ ಹಿಡಿದು ತೋರಿಸಿದ್ದೆ. ಹಚ್ಚಿದವಳಲ್ಲ. ಹಚ್ಚಿದೆ. ಮುಷ್ಟಿ ಕಟ್ಟಿ ಒಂದು ಸಲ ಎಳೆದೆ. ಕೆಮ್ಮಲೇ ಇಲ್ಲ. ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು.

ನಿಂಗಾಜಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಕಂಡಳೋ, ಇದ್ದಕ್ಕಿದ್ದ ಹಾಗೆ ಅವಳ ಮುಖ ಕೆಂಪಾಯಿತು. ಬೀಡಿಯನ್ನು ನನ್ನ ಕೈಯಿಂದ ಕಿತ್ತು ಕಾಲುವೆಗೆ ಎಸೆದು, ಬೂದಿಯ ಕೈಯಲ್ಲೇ ಬೆನ್ನಿಗೊಂದು ಗುದ್ದಿದಳು.

"ಎಷ್ಟು ಸಲ ಹೇಳ್ಬೇಕ್ಲಾ ನಿಂಗೆ? ಎದೆ ಸುಟ್ಕಂಡು ಸಾಯ್ತೀಯ ಅಂತ ಬಡ್ಕಂಡೆ, ಕೇಳ್ದ ನೀನು? ನನ್ನ ಮುಂದ್ಲೇ ಸೇದೋ ಮಟ್ಟಕ್ಕೆ ಬಂದ್ಯಾ?"

ನಾನು ದೇವೀರಮ್ಮ ಕಣವ್ವ ಅನ್ನಬೇಕೋ, ಸುಮ್ಮನಿರಬೇಕೋ ತಿಳಿಯಲಿಲ್ಲ. ತಲೆ ತಗ್ಗಿಸಿದೆ.

"ಆಯ್ತು ಕಣವ್ವ, ಬುಟ್ಬುಡ್ತೀನಿ" ಅಂದೆ.

"ಹಿಂಗೇ ಅಂತೀಯ ದಿನಾ" ಅಂದಳು.